ಇಂಜಿನ್ನಿನ ಲೈನರು: ಬಿಚ್ಚಿದ ಮೇಲೆ ನೋಡತಕ್ಕದ್ದು, ಮಾಡತಕ್ಕದ್ದು

(ರೈತರ ಕೂಟವೊಂದರಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ಔಷಧಗಳ ಬಗ್ಗೆ ತಮಗೆ ಹೇಳುವವರು ಬಹಳ ಮಂದಿ ಇದ್ದಾರೆ. ಇಂಜಿನ್ನಿನ ಹೊಟ್ಟೆಯೊಳಗಿರುವ ಲೈನರಿನ ಬಗ್ಗೆ ಹೇಳುವವರು ಇಲ್ಲ. ಅದು ಕಣ್ಣಿಗೆ ಕಾಣುವ ವಸ್ತುವಲ್ಲ. ಇಂಜಿನ್ನು ನೀಲಿ ಹೊಗೆ ಬಿಟ್ಟು, ಎಣ್ಣೆ ಕುಡಿದು, ಮುಂಜಾನೆ ಚಾಲೂ ಆಗಲು ಹಟ ಹಿಡಿದಾಗಲೇ ಅದರ ನೆನಪು ನಮಗೆ ಆಗುತ್ತದೆ. ಅಷ್ಟು ಹೊತ್ತಿಗೆ ಹಂಗಾಮು ತಲೆಯ ಮೇಲೆ ಬಂದಿರುತ್ತದೆ, ಕೈಯಲ್ಲಿ ಹಣ ಇರುವುದಿಲ್ಲ. ಮೇಸ್ತ್ರಿ ಹೇಳಿದ್ದೇ ಮಾತಾಗುತ್ತದೆ.

ಈಗ ಬಾವಿಗಳಿಗೆ ಹೆಚ್ಚಾಗಿ ವಿದ್ಯುತ್ ಮೋಟಾರು ಬಂದಿರುವುದು ನಿಜ. ಆದರೂ ಗಂಗಾವತಿ ಕಡೆ ಕೇಜ್‌ವೀಲ್ ಕಟ್ಟಿ ಗದ್ದೆ ಕೆಸರು ಮಾಡುವ ಟ್ರಾಕ್ಟರು, ಭತ್ತ ಕೊಯ್ಯುವ ದೊಡ್ಡ ಯಂತ್ರ, ಹಳ್ಳದಿಂದಲೋ ಕಾಲುವೆಯಿಂದಲೋ ನೀರೆತ್ತುವ ಇಂಜಿನ್ನು, ಕುಷ್ಟಗಿ ಯಲಬುರ್ಗಾ ಕಡೆ ಮಸಾರಿ ಹೊಲದಲ್ಲಿ ಹರಗುವ ಟ್ರಾಕ್ಟರು, ರಾಶಿ ಮಾಡುವ ಯಂತ್ರ, ಇವೆಲ್ಲ ಡೀಸೆಲಿನ ಮೇಲೆಯೇ ನಡೆಯುತ್ತಿವೆ. ಇವೆಲ್ಲವುಗಳ ಆಯುಷ್ಯವೂ ಲೈನರಿನ ಮೇಲೆ ನಿಂತಿದೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ವರ್ಕ್‌ಶಾಪಿನ ಕೆಲಸ ಕಲಿಯುವುದಕ್ಕೆ ಮುಂಚಿನ ಮಾತು. ನಮ್ಮ ತಂದೆಯವರು ಬಾವಿಗೆ 5 ಅಶ್ವಶಕ್ತಿಯ ಇಂಜಿನ್ನು ಇಟ್ಟಿದ್ದರು. ಹೊಗೆ ಹೆಚ್ಚಾಯಿತೆಂದು ಪೇಟೆಯಿಂದ ಒಬ್ಬ ಮೇಸ್ತ್ರಿಯನ್ನು ಕರೆತಂದೆ. ಅವನು ಹೆಡ್ಡು ಬಿಚ್ಚಿ, ಲೈನರಿನೊಳಗೆ ಬೆರಳಾಡಿಸಿ, “ಲೈನರ್ ಚೊಲೋ ಐತಿ, ಕನ್ನಡಿ ಹಂಗ ಹೊಳೀತೈತಿ, ರಿಂಗ್ ಹಾಕಿದ್ರ ಸಾಕು” ಎಂದ. ನಮಗೂ ಅದೇ ಮಾತು ಬೇಕಾಗಿತ್ತು, ಏಕೆಂದರೆ ಖರ್ಚು ಕಡಿಮೆ. ಹೊಸ ರಿಂಗು ಹಾಕಿದೆವು. ಎರಡು ತಿಂಗಳಿಗೆ ಹೊಗೆ ಮರಳಿ ಬಂತು. ಬೇಸಿಗೆ ಶೇಂಗಾ ಕಾಯಿ ಕಟ್ಟುವ ವೇಳೆಗೆ ಇಂಜಿನ್ನು ನಿಂತೇಹೋಯಿತು. ಮತ್ತೆ ಬಿಚ್ಚಿಸಿದೆವು. ಈ ಸಲ ಅಳತೆ ಮಾಡಿಸಿದಾಗ, 80 ಮಿಲಿಮೀಟರ್ ಇರಬೇಕಾದ ಬೋರು ಮೇಲ್ಭಾಗದಲ್ಲಿ 80.27 ಆಗಿತ್ತು. ಹೊಸ ಲೈನರು, ಹೊಸ ಪಿಸ್ಟನ್ನು ಹಾಕಿಸಿದೆವು. ಒಂದು ಜೋಡಿ ಹೋರಿ ಕೊಳ್ಳಲು ತಂದೆಯವರು ಇಟ್ಟಿದ್ದ ಹಣ ಅದಕ್ಕೆ ಹೋಯಿತು.

ಇಲ್ಲಿಗೆ ಮುಗಿಯಿತೆಂದು ತಿಳಿಯಬೇಡಿ. ಆ ಹೊಸ ಲೈನರೂ ಒಂದೂವರೆ ವರ್ಷಕ್ಕೆ ಸವೆಯಿತು. ಗಾಳಿ ಸೋಸುವ ಡಬ್ಬಿಯಿಂದ ಇಂಜಿನ್ನಿಗೆ ಹೋಗುವ ರಬ್ಬರು ಕೊಳವೆ ಕೆಳಗಿನ ಮಗ್ಗುಲಲ್ಲಿ ಸೀಳಿತ್ತು. ಅದಕ್ಕೆ ನಾನೇ ಚೀಲದ ಬಟ್ಟೆ ಸುತ್ತಿ ತಂತಿ ಬಿಗಿದಿದ್ದೆ. ಮೊದಲ ಲೈನರನ್ನು ತಿಂದದ್ದೂ ಅದೇ ಸೀಳು, ಎರಡನೆಯದನ್ನು ತಿಂದದ್ದೂ ಅದೇ ಸೀಳು. ಇಂದಿನ ನನ್ನ ಮಾತೆಲ್ಲ ಇಷ್ಟರಲ್ಲೇ ಇದೆ: ಅಳತೆ ಇಲ್ಲದೆ ರಿಂಗು ಹಾಕಿಸಕೂಡದು, ಸವೆದ ಕಾರಣ ತಿಳಿಯದೆ ಹೊಸ ಲೈನರು ಹಾಕಿಸಕೂಡದು.

ಇನ್ನು ಲೈನರೆಂದರೇನು ಎಂಬುದನ್ನು ನೋಡೋಣ. ಇಂಜಿನ್ನಿನ ಮುಖ್ಯ ಒಡಲಿಗೆ ಬ್ಲಾಕು ಎನ್ನುತ್ತಾರೆ. ಅದು ಎರಕದ ಕಬ್ಬಿಣ. ಇದಕ್ಕಾಗಿ ನಾವು ದೂರ ನೋಡಬೇಕಾಗಿಲ್ಲ. ನಮ್ಮ ಕೊಪ್ಪಳ ತಾಲೂಕಿನ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿಯೇ ಟ್ರಾಕ್ಟರಿನ ಬ್ಲಾಕುಗಳನ್ನೂ ಹೆಡ್ಡುಗಳನ್ನೂ ಎರಕ ಹೊಯ್ಯುತ್ತಾರೆ. ಪಿಸ್ಟನ್ನು ನೇರವಾಗಿ ಬ್ಲಾಕಿನಲ್ಲಿಯೇ ಓಡಾಡಿದರೆ ಸವೆದಾಗ ಇಡೀ ಬ್ಲಾಕಿಗೇ ಕೈ ಹಾಕಬೇಕಾಗುತ್ತದೆ. ಆದಕಾರಣ ಅದರೊಳಗೆ ಒಂದು ಕೊಳವೆ ಕೂರಿಸಿರುತ್ತಾರೆ. ಸವೆದರೆ ಅದನ್ನಷ್ಟೇ ಬದಲಿಸಬಹುದು. ಇದೇ ಲೈನರು. ಇದರ ಒಳವ್ಯಾಸಕ್ಕೆ ಬೋರು ಎನ್ನುತ್ತಾರೆ. ಇಲ್ಲಿ ಬೋರು ಎಂದರೆ ಕೊಳವೆ ಬಾವಿಯಲ್ಲ. ಆದರೂ ಎರಡೂ ಕೆಟ್ಟರೆ ರೈತನ ಜೇಬಿಗೆ ಆಗುವುದು ಒಂದೇ.

ಲೈನರಿನಲ್ಲಿ ಎರಡು ಜಾತಿ ಉಂಟು. ನಮ್ಮ ಜಿಲ್ಲೆಯ ಜನರಿಗೆ ಇದು ಬೇಗ ತಿಳಿಯುತ್ತದೆ, ಏಕೆಂದರೆ ಇಲ್ಲಿಯ ಭೂಮಿಯಲ್ಲಿಯೂ ಎರಡು ಜಾತಿ. ಯಲಬುರ್ಗಾ, ಕುಷ್ಟಗಿಯ ಹಾಗೆ ಒಣ ಲೈನರು ಒಂದು. ಗಂಗಾವತಿಯ ಹಾಗೆ ನೀರಿನ ಲೈನರು ಇನ್ನೊಂದು. ಒಣ ಲೈನರು ತೆಳ್ಳಗಿರುತ್ತದೆ, ಬ್ಲಾಕಿನೊಳಗೆ ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ, ನೀರು ಅದಕ್ಕೆ ತಾಗುವುದಿಲ್ಲ. ನೀರಿನ ಲೈನರು ದಪ್ಪಗಿರುತ್ತದೆ, ಅದರ ಹೊರಮೈಗೆ ತಣಿಸುವ ನೀರು ನೇರವಾಗಿ ತಾಗುತ್ತದೆ, ಕೆಳಗೆ ರಬ್ಬರಿನ ಓರಿಂಗುಗಳು ನೀರನ್ನು ತಡೆದಿರುತ್ತವೆ. ಗಾಳಿಯಿಂದ ತಣಿಯುವ ಸಣ್ಣ ಇಂಜಿನ್ನುಗಳಲ್ಲಿ ರೆಕ್ಕೆ ರೆಕ್ಕೆಯಾಗಿರುವ ಬ್ಯಾರಲ್ಲೇ ಲೈನರಿನ ಕೆಲಸ ಮಾಡುತ್ತದೆ. ತಮ್ಮ ಇಂಜಿನ್ನಿನಲ್ಲಿ ಯಾವುದಿದೆ ಎಂಬುದನ್ನು ಮೊದಲು ಕೇಳಿ ತಿಳಿಯತಕ್ಕದ್ದು.

ಲೈನರು ಎಷ್ಟು ದುಡಿಯುತ್ತದೆ ಎಂಬುದಕ್ಕೆ ಒಂದು ಲೆಕ್ಕ. 80 ಮಿಲಿಮೀಟರ್ ಬೋರಿನ 5 ಅಶ್ವಶಕ್ತಿಯ ಇಂಜಿನ್ನಿನಲ್ಲಿ ಪಿಸ್ಟನ್ನು ಒಂದು ಸಲಕ್ಕೆ 110 ಮಿಲಿಮೀಟರ್ ಓಡುತ್ತದೆಂದು ಹಿಡಿಯೋಣ. ನಿಮಿಷಕ್ಕೆ 1500 ಸುತ್ತು, ಅಂದರೆ 3000 ಓಟ. ಎಂಟು ತಾಸು ನಡೆದರೆ ರಿಂಗುಗಳು ಲೈನರಿನ ಮೇಲೆ ಸುಮಾರು 158 ಕಿಲೋಮೀಟರ್ ಉಜ್ಜಿದ ಹಾಗಾಯಿತು. ಕೊಪ್ಪಳದಿಂದ ಹುಬ್ಬಳ್ಳಿಗೆ ಹೋಗಿ ಒಂದಿಷ್ಟು ದಾರಿ ಹಿಂದಿರುಗಿದಷ್ಟು ದೂರ! ಇಷ್ಟನ್ನೂ ಅದು ಕೂದಲೆಳೆಗಿಂತ ತೆಳ್ಳಗಿನ ಎಣ್ಣೆಯ ಪದರದ ಮೇಲೆ ಓಡುತ್ತದೆ. ಆ ಪದರದೊಳಗೆ ಮಸಾರಿಯ ಧೂಳು ಸೇರಿದರೆ ಏನಾಗುತ್ತದೆಂದು ನಾನು ಹೇಳಬೇಕಾಗಿಲ್ಲ. ಮಸಾರಿ ಮಣ್ಣಿನಲ್ಲಿ ಕುಳ ಎಷ್ಟು ಬೇಗ ಸವೆಯುತ್ತದೆಂಬುದನ್ನು ತಾವು ಬಲ್ಲಿರಿ.

ಲೈನರು ಎಲ್ಲ ಕಡೆ ಒಂದೇ ಸಮನೆ ಸವೆಯುವುದಿಲ್ಲ. ಮೇಲಿನ ರಿಂಗು ಮೇಲೆ ಹೋಗಿ ನಿಂತು ತಿರುಗುವ ಸ್ಥಳದಲ್ಲಿ ಸವೆತ ಎಲ್ಲಕ್ಕಿಂತ ಹೆಚ್ಚು. ಅಲ್ಲಿ ಬೆಂಕಿಯ ಕಾವೂ ಒತ್ತಡವೂ ಹೆಚ್ಚು, ಎಣ್ಣೆ ಕಡಿಮೆ, ಗಾಳಿಯೊಡನೆ ಬಂದ ಧೂಳು ಮೊದಲು ಬೀಳುವುದೂ ಅಲ್ಲಿಯೇ. ಅದಕ್ಕೂ ಮೇಲೆ ರಿಂಗು ಮುಟ್ಟದ ಒಂದು ಪಟ್ಟಿ ಸವೆಯದೆ ಉಳಿದು ದಿಬ್ಬದ ಹಾಗೆ ನಿಲ್ಲುತ್ತದೆ. ಉಗುರು ಆಡಿಸಿದರೆ ಉಗುರಿಗೆ ತಗಲುತ್ತದೆ. ಈ ದಿಬ್ಬವನ್ನು ಕೆರೆದು ತೆಗೆಯದೆ ಪಿಸ್ಟನ್ನನ್ನು ಮೇಲಕ್ಕೆ ಬಡಿದು ತೆಗೆದರೆ ರಿಂಗೂ ಮುರಿಯಬಹುದು, ಪಿಸ್ಟನ್ನಿನ ಗಾಡಿಯೂ ಒಡೆಯಬಹುದು. ಅದನ್ನು ಹಾಗೇ ಬಿಟ್ಟು ಹೊಸ ರಿಂಗು ಹಾಕಿದರೆ ಹೊಸ ರಿಂಗಿನ ಚೂಪು ಅಂಚು ಅದಕ್ಕೆ ಬಡಿಯುತ್ತದೆ.

ಇದಲ್ಲದೆ ಲೈನರು ದುಂಡಗೂ ಉಳಿಯುವುದಿಲ್ಲ. ಪಿಸ್ಟನ್ನು ಕ್ರ್ಯಾಂಕಿಗೆ ಅಡ್ಡಲಾಗಿ ಎರಡು ಮಗ್ಗುಲಿಗೆ ಒತ್ತುವುದರಿಂದ ಆ ದಿಕ್ಕಿನಲ್ಲಿ ಹೆಚ್ಚು ಸವೆದು ಮೊಟ್ಟೆಯ ಆಕಾರಕ್ಕೆ ಬರುತ್ತದೆ. ಆದಕಾರಣ ಅಳತೆಯನ್ನು ಮೂರು ಎತ್ತರದಲ್ಲಿ, ಅಂದರೆ ದಿಬ್ಬದ ಸ್ವಲ್ಪ ಕೆಳಗೆ, ನಡುವೆ, ತಳದಲ್ಲಿ, ಮತ್ತು ಪ್ರತಿ ಎತ್ತರದಲ್ಲಿ ಎರಡು ದಿಕ್ಕಿನಲ್ಲಿ ತೆಗೆಯಬೇಕು. ಒಟ್ಟು ಆರು ಅಂಕಿ. ಮೇಲಿನದಕ್ಕೂ ಕೆಳಗಿನದಕ್ಕೂ ಇರುವ ವ್ಯತ್ಯಾಸವೇ ಇಳಿಜಾರು. ಎರಡು ದಿಕ್ಕಿನ ವ್ಯತ್ಯಾಸವೇ ಮೊಟ್ಟೆಯಾಕಾರ. ಇದಕ್ಕೆ ಗಡಿಯಾರದಂಥ ಮುಖವಿರುವ ಬೋರ್ ಗೇಜು ಎಂಬ ಉಪಕರಣವಿದೆ, ಅದು ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು ತೋರಿಸುತ್ತದೆ. ಬೆರಳಿಗೆ ಇದು ತಿಳಿಯುವಂತಿಲ್ಲ. ನಮ್ಮ ಆ ಮೇಸ್ತ್ರಿಯ ಬೆರಳಿನ ಮೇಲೆ ನನಗೆ ಸಿಟ್ಟಿಲ್ಲ; ಬೆರಳಿಗೆ ಆಗದ ಕೆಲಸವನ್ನು ಅದಕ್ಕೆ ಒಪ್ಪಿಸಿದ್ದೇ ತಪ್ಪು. ಲೈನರು ಕನ್ನಡಿಯ ಹಾಗೆ ಹೊಳೆಯುವುದು ಒಳ್ಳೆಯ ಗುರುತೂ ಅಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಬೋರ್ ಗೇಜು ಹಳ್ಳಿಯಲ್ಲಿ ಎಲ್ಲಿಂದ ಬರಬೇಕೆಂದು ತಾವು ಕೇಳಬಹುದು. ಒಂದು ಸುಲಭ ಉಪಾಯವಿದೆ, ಇದನ್ನು ಮಾತ್ರ ಮರೆಯಬೇಡಿರಿ. ಆ ಬೋರಿನ ಒಂದು ಹೊಸ ರಿಂಗನ್ನು ಲೈನರಿನ ತಳಭಾಗದಲ್ಲಿ, ಸವೆಯದ ಜಾಗದಲ್ಲಿ ಇಟ್ಟು, ಪಿಸ್ಟನ್ನಿನ ತಲೆಯಿಂದ ನೂಕಿ ಸಮನಾಗಿ ಕೂರಿಸಿ. ರಿಂಗಿನ ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನ ತೆಳುಪಟ್ಟಿಗಳಿಂದ ಅಳೆಯಿರಿ. ಆ ಮೇಲೆ ಅದೇ ರಿಂಗನ್ನು ದಿಬ್ಬದ ಕೆಳಗೆ ತಂದು ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಬೋರು ಎಷ್ಟು ಅಗಲವಾಗಿದೆ ಎಂಬುದು ಬರುತ್ತದೆ. ತಳದಲ್ಲಿ ಸಂದು 0.35, ಮೇಲೆ 0.95 ಬಂತೆನ್ನಿ, ವ್ಯತ್ಯಾಸ 0.60, ಸವೆತ ಸುಮಾರು 0.19 ಮಿಲಿಮೀಟರ್. ಫೀಲರ್ ಗೇಜು ದೊಡ್ಡ ಬೆಲೆಯ ವಸ್ತುವಲ್ಲ. ಮೊಟ್ಟೆಯಾಕಾರ ಇದರಿಂದ ತಿಳಿಯುವುದಿಲ್ಲ, ಆದರೆ ರಿಂಗು ಸಾಕೋ ಲೈನರು ಬೇಕೋ ಎಂಬ ಜಗಳ ತೀರಿಸಲು ಬಹಳ ಮಟ್ಟಿಗೆ ಇಷ್ಟು ಸಾಲುತ್ತದೆ.

ಎಷ್ಟು ಸವೆದರೆ ಬದಲಿಸಬೇಕು? ಇಂಜಿನ್ನಿನೊಡನೆ ಬಂದ ಪುಸ್ತಕದಲ್ಲಿ ಅದರ ಮಿತಿ ಬರೆದಿರುತ್ತದೆ. ಒಂದೊಂದು ಇಂಜಿನ್ನಿಗೂ ಒಂದೊಂದು ಮಿತಿ, ಆ ಪುಸ್ತಕವೇ ಕಾಯಿದೆ. ಪುಸ್ತಕವನ್ನು ಮಕ್ಕಳು ಹರಿದಿದ್ದರೆ ಮಾರಿದವರಲ್ಲಿ ಕೇಳಿ ತರಿಸತಕ್ಕದ್ದು. ಮಿತಿಯ ಒಳಗಿದ್ದರೆ ಹೋನಿಂಗ್ ಮಾಡಿಸಿ ಹೊಸ ರಿಂಗು ಹಾಕಬಹುದು. ಮಿತಿ ದಾಟಿದ್ದರೆ ದಾರಿ ಎರಡು: ಬೋರಿಂಗ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ನು ಹಾಕುವುದು, ಇಲ್ಲವೆ ಲೈನರನ್ನೇ ಬದಲಿಸುವುದು. ವರ್ಕ್‌ಶಾಪಿನಲ್ಲಿ “ಹತ್ತು ಥೌ, ಇಪ್ಪತ್ತು ಥೌ” ಎನ್ನುತ್ತಾರಲ್ಲ, ಅದು 0.25 ಮತ್ತು 0.50 ಮಿಲಿಮೀಟರ್ ದೊಡ್ಡ ಅಳತೆ. ಆ ಅಳತೆಯ ಪಿಸ್ಟನ್ನು ಕೈಗೆ ಬಂದ ಮೇಲೆಯೇ ಬೋರಿಂಗ್ ಮಾಡಿಸತಕ್ಕದ್ದು. ಮೊದಲು ಬೋರಿಂಗ್ ಮಾಡಿಸಿ ಆಮೇಲೆ ಪಿಸ್ಟನ್ನಿಗಾಗಿ ಹೊಸಪೇಟೆ, ಹುಬ್ಬಳ್ಳಿ ತಿರುಗಿದವರನ್ನು ನಾನು ಕಂಡಿದ್ದೇನೆ. ನೀರಿನ ಲೈನರಿನಲ್ಲಿ ಸಾಮಾನ್ಯವಾಗಿ ಲೈನರು, ಪಿಸ್ಟನ್ನು, ರಿಂಗು ಎಲ್ಲ ಕೂಡಿದ ಸೆಟ್ಟೇ ಸಿಗುತ್ತದೆ. ಅಲ್ಲಿ ಬೋರಿಂಗಿಗೆ ಹೋಗುವುದಕ್ಕಿಂತ ಸೆಟ್ಟು ಹಾಕುವುದೇ ಲೇಸು.

ಅಳತೆಯೊಂದೇ ಸಾಲದು, ಕಣ್ಣಿನಿಂದಲೂ ನೋಡಬೇಕು. ಉದ್ದುದ್ದ ಗೀರು ಬಿದ್ದಿದ್ದರೆ ರಿಂಗು ಮುರಿದಿದೆ, ಇಲ್ಲವೆ ಕಾವು ಹೆಚ್ಚಾಗಿ ಪಿಸ್ಟನ್ನು ಹಿಡಿದಿದೆ. ಒಂದೇ ಕಡೆ ಮೇಲಿಂದ ಕೆಳಗೆ ತೊಳೆದ ಹಾಗೆ ಪಟ್ಟಿ ಕಂಡರೆ ಇಂಜೆಕ್ಟರು ಡೀಸೆಲನ್ನು ಮಂಜಿನಂತೆ ಎರಚದೆ ಧಾರೆಯಾಗಿ ಸುರಿಸುತ್ತಿದೆ. ಆ ಡೀಸೆಲು ಎಣ್ಣೆಯನ್ನು ತೊಳೆದುಹಾಕಿದೆ. ಮೇಲ್ಭಾಗ ಮಾತ್ರ ಬಹಳ ಸವೆದು ಕೆಳಗೆ ಚೆನ್ನಾಗಿದ್ದರೆ ಧೂಳು ಗಾಳಿಯ ದಾರಿಯಿಂದ ಬಂದಿದೆ ಎಂದು ಸಂಶಯಪಡಿರಿ. ಗಾಳಿಯ ಕೊಳವೆಯ ಒಳಗೆ ಬಿಳಿ ಬಟ್ಟೆ ಒರೆಸಿ ನೋಡಿ. ಬಟ್ಟೆ ಕೆಂಪಾದರೆ ಕಳ್ಳ ಸಿಕ್ಕಿದ.

ನೀರಿನ ಲೈನರಿನ ಹೊರಮೈ ನೋಡುವುದನ್ನು ನಮ್ಮಲ್ಲಿ ಬಹಳ ಜನ ಬಿಡುತ್ತಾರೆ. ನಮ್ಮ ಕಡೆಯ ಕೊಳವೆ ಬಾವಿಯ ನೀರು ಗಡಸು. ಪಾತ್ರೆಯಲ್ಲಿ ಕಾಯಿಸಿದರೆ ಬಿಳಿ ಪದರು ಕಟ್ಟುತ್ತದೆ. ಅದೇ ಪದರು ಲೈನರಿನ ಹೊರಗೂ ಕಟ್ಟುತ್ತದೆ, ಕಾವು ನೀರಿಗೆ ಇಳಿಯದಂತೆ ತಡೆಯುತ್ತದೆ, ಆಗ ಪಿಸ್ಟನ್ನು ಹಿಡಿಯುತ್ತದೆ. ಪದರನ್ನು ತೆಗೆದು ನೋಡಿದಾಗ ಒಂದು ಮಗ್ಗುಲಲ್ಲಿ ಗೆದ್ದಲು ತಿಂದಂತೆ ಸಣ್ಣ ಸಣ್ಣ ತೂತಿನ ಗುರುತು ಕಂಡರೆ ಎಚ್ಚರ. ಲೈನರು ನಡುಗುವಾಗ ನೀರಿನಲ್ಲಿ ಗುಳ್ಳೆಗಳು ಎದ್ದು ಒಡೆದು ಕಬ್ಬಿಣವನ್ನು ತಿನ್ನುತ್ತವೆ. ಇದು ಒಳಗಿನವರೆಗೆ ತೂತಾದರೆ ನೀರು ಎಣ್ಣೆಗೆ ಸೇರಿ ಎಲ್ಲ ಬೇರಿಂಗುಗಳೂ ಹೋಗುತ್ತವೆ. ಆಳವಾದ ಗುಂಡಿ ಬಿದ್ದ ಲೈನರನ್ನು ಮತ್ತೆ ಹಾಕಕೂಡದು. ಸವೆತವೂ ಗುಂಡಿಯೂ ಅಲ್ಪವಿದ್ದು ಪುಸ್ತಕ ಒಪ್ಪಿದರೆ ಲೈನರನ್ನು ಕಾಲು ಸುತ್ತು ತಿರುಗಿಸಿ ಕೂರಿಸುವುದುಂಟು. ಇನ್ನು ಮುಂದೆ ರೇಡಿಯೇಟರಿಗೆ ಮಳೆಯ ನೀರನ್ನೋ ಬೇರೆ ಮೆದು ನೀರನ್ನೋ ಹಾಕಿ, ಕೂಲಂಟನ್ನು ಹೇಳಿದ ಪ್ರಮಾಣದಲ್ಲಿ ಬೆರೆಸತಕ್ಕದ್ದು.

ಬಿರುಕು ಪರೀಕ್ಷಿಸುವುದನ್ನು ನಮ್ಮ ಹೆಣ್ಣುಮಕ್ಕಳಿಂದ ಕಲಿಯಬೇಕು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡುವುದಿಲ್ಲವೇ? ಹೊರತೆಗೆದ ನೀರಿನ ಲೈನರನ್ನು ಎತ್ತಿ ಹಿಡಿದು ಮೆಲ್ಲಗೆ ತಟ್ಟಿದರೆ ಗಂಟೆಯಂತೆ ನುಡಿಯಬೇಕು. ಬದ್ದೆಂದರೆ ಮೇಲಿನ ಅಂಚಿನ ಸುತ್ತ ಚೆನ್ನಾಗಿ ನೋಡಿ. ಲೈನರಿನ ಈ ಅಂಚು ಬ್ಲಾಕಿನ ಮೆಟ್ಟಿಲ ಮೇಲೆ ಕೂಡುತ್ತದೆ. ಅದರ ಕೆಳಗೆ ಒಂದು ಕಾಳಿನಷ್ಟು ಕಸ ಉಳಿದರೂ ಹೆಡ್ಡು ಬಿಗಿದಾಗ ಅಂಚು ಒಡೆಯುತ್ತದೆ. ಸಣ್ಣದೊಂದು ಭಾಗ ಕೈಕೊಟ್ಟರೆ ಏನಾಗುತ್ತದೆಂಬುದನ್ನು ನಮ್ಮ ಜಿಲ್ಲೆಯವರಿಗೆ ಹೇಳಬೇಕೆ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದದ್ದನ್ನು ಎಲ್ಲರೂ ಕಂಡಿದ್ದೇವೆ.

ಈಗ ಹೋನಿಂಗಿನ ಮಾತು. ಬಹಳ ದಿನ ಓಡಿದ ಲೈನರು ಗಾಜಿನಂತೆ ನುಣುಪಾಗುತ್ತದೆ. ಆ ನುಣುಪಿನ ಮೇಲೆ ಎಣ್ಣೆ ನಿಲ್ಲುವುದಿಲ್ಲ, ಹೊಸ ರಿಂಗು ಕೂಡುವುದಿಲ್ಲ. ಹೋನಿಂಗ್ ಕಲ್ಲುಗಳನ್ನು ತಿರುಗಿಸುತ್ತಲೇ ಮೇಲೆ ಕೆಳಗೆ ಆಡಿಸಿದರೆ ಓರೆಯಾದ ಗೆರೆಗಳು ಒಂದನ್ನೊಂದು ಕತ್ತರಿಸಿ ಜಾಲರಿಯಂತೆ ಬೀಳುತ್ತವೆ. ಆ ಗೆರೆಗಳಲ್ಲಿ ಎಣ್ಣೆ ನಿಲ್ಲುತ್ತದೆ, ಬದುವಿನಲ್ಲಿ ನೀರು ನಿಂತ ಹಾಗೆ. ಗೆರೆ ಬರೀ ಅಡ್ಡವಾಗಿದ್ದರೆ ಆಡಿಸುವ ಕೈ ನಿಧಾನವಾಗಿದೆ ಎಂದು ತಿಳಿಯಿರಿ. ಇದರಿಂದ ಸವೆದದ್ದು ಮರಳಿ ಬರುವುದಿಲ್ಲ. ಹೋನಿಂಗ್ ಮಾಡಿಸಿದೆ, ಎಲ್ಲ ಸರಿಹೋಯಿತು ಎನ್ನುವವರ ಮಾತನ್ನು ನಂಬಬೇಡಿ. ಕ್ರೋಮು ಲೇಪಿಸಿದ ಲೈನರಿಗೆ ಈ ಕಲ್ಲನ್ನು ಹಚ್ಚಕೂಡದು, ಅದಕ್ಕೆ ಕ್ರೋಮು ರಿಂಗನ್ನೂ ಹಾಕಕೂಡದು.

ಹೋನಿಂಗ್ ಆದ ಮೇಲೆ ತೊಳೆಯುವುದು ಬಹಳ ಮುಖ್ಯವಾದ ಕೆಲಸ. ಇದರಲ್ಲಿಯೇ ಹೆಚ್ಚಿನ ಕಡೆ ಮೋಸವಾಗುತ್ತದೆ. ಡೀಸೆಲಿನಲ್ಲಿಯೋ ಸೀಮೆಎಣ್ಣೆಯಲ್ಲಿಯೋ ಬಟ್ಟೆ ಅದ್ದಿ ಒರೆಸಿ ಆಯಿತೆನ್ನುತ್ತಾರೆ. ಕಲ್ಲಿನ ಪುಡಿ ಗೆರೆಗಳಲ್ಲಿಯೇ ಉಳಿಯುತ್ತದೆ. ನಾವೇ ಕೈಯಾರ ಉಸುಕು ಹಾಕಿದ ಹಾಗಾಯಿತು. ಬಿಸಿನೀರು, ಸಾಬೂನಿನ ಪುಡಿ, ಗಟ್ಟಿ ಕುಂಚ ಇವುಗಳಿಂದ ಪಾತ್ರೆ ತಿಕ್ಕಿದಂತೆ ತಿಕ್ಕಿ ತೊಳೆಯಬೇಕು. ಒಣಗಿಸಿ, ಬಿಳಿ ಬಟ್ಟೆಗೆ ಇಂಜಿನ್ ಆಯಿಲು ಹಚ್ಚಿ ಒರೆಸಬೇಕು. ಬಟ್ಟೆಗೆ ಬೂದುಬಣ್ಣ ಹತ್ತಿದರೆ ಮತ್ತೆ ತೊಳೆಯಬೇಕು. ಕೂಡಲೇ ಎಣ್ಣೆ ಸವರಬೇಕು, ಇಲ್ಲವಾದರೆ ತಾಸಿನೊಳಗೆ ತುಕ್ಕು. ಈ ಬಟ್ಟೆಯ ಪರೀಕ್ಷೆಯನ್ನು ತಾವೇ ನಿಂತು ಮಾಡಿಸಿರಿ. ಇದಕ್ಕೆ ವಿದ್ಯೆ ಬೇಕಾಗಿಲ್ಲ. ಕ್ರ್ಯಾಂಕು ಒಳಗೇ ಇರುವಾಗ ಹೋನಿಂಗ್ ಮಾಡಲು ಬಿಡಬೇಡಿ.

ಲೈನರು ಕೂರಿಸುವಾಗ ಬ್ಲಾಕಿನ ಮೆಟ್ಟಿಲು, ಓರಿಂಗಿನ ಜಾಗ ಚೊಕ್ಕಟವಾಗಿರಬೇಕು. ಓರಿಂಗು ತಿರುಚಿಕೊಳ್ಳಬಾರದು, ಸಾಬೂನು ನೀರು ಸವರಿದರೆ ಸುಲಭವಾಗಿ ಇಳಿಯುತ್ತದೆ. ಅಂಚು ಬ್ಲಾಕಿನ ಮೇಲ್ಮೈಗಿಂತ ಪುಸ್ತಕದಲ್ಲಿ ಹೇಳಿದಷ್ಟೇ ಮೇಲೆ ಎದ್ದಿರಬೇಕು. ತಗ್ಗಿದ್ದರೆ ಗ್ಯಾಸ್ಕೆಟ್ಟು ಹಿಡಿಯುವುದಿಲ್ಲ. ಎಣ್ಣೆಯ ತೊಟ್ಟಿ ಮುಚ್ಚುವ ಮುಂಚೆ ಬ್ಲಾಕಿಗೆ ನೀರು ತುಂಬಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಕೆಳಗಿನಿಂದ ನೋಡಿ. ಒಂದು ಹನಿ ಇದ್ದರೂ ಮತ್ತೆ ಬಿಚ್ಚಬೇಕು. ಬೇಸರವಾಗುತ್ತದೆ, ನಿಜ.

ಇನ್ನೊಂದು ಕೆಟ್ಟ ರೂಢಿ ಇದೆ. ಇಂಜಿನ್ನು ಕಾಯುತ್ತದೆಂದು ಥರ್ಮೋಸ್ಟ್ಯಾಟನ್ನು ಕಿತ್ತು ಬಿಸಾಡುತ್ತಾರೆ. ಇಂಜಿನ್ನಿಗೆ ಅತಿ ಕಾವು ಹೇಗೆ ಕೆಟ್ಟದ್ದೋ ಅತಿ ತಂಪೂ ಹಾಗೆಯೇ ಕೆಟ್ಟದ್ದು. ತಣ್ಣಗಿನ ಲೈನರಿನ ಮೇಲೆ ಹೊಗೆಯ ತೇವ ಇಳಿದು ಹುಳಿಯಾಗಿ ಕಬ್ಬಿಣವನ್ನು ತಿನ್ನುತ್ತದೆ. ಬಾವಿಯ ನೀರನ್ನೇ ಹಾಯಿಸಿ ತಣಿಸುವ ಇಂಜಿನ್ನಾದರೆ ಹೊರಬರುವ ನೀರು ಕೈ ಹಿಡಿದು ನಿಲ್ಲಲಾಗದಷ್ಟು ಬಿಸಿಯಿರುವಂತೆ ನಲ್ಲಿ ತಿರುವಬೇಕು.

ಚಾಲೂ ಆದ ಮೇಲೆ ಹೊಸ ಇಂಜಿನ್ನನ್ನು ಮುದ್ದು ಮಾಡಿ ತಾಸುಗಟ್ಟಲೆ ಖಾಲಿ ಓಡಿಸುವುದು ತಪ್ಪು. ಲೈನರು ಮತ್ತೆ ನುಣುಪಾಗುತ್ತದೆ, ರಿಂಗು ಕೂಡುವುದಿಲ್ಲ. ಮೊದಲ ದಿನವೇ ಕೇಜ್‌ವೀಲ್ ಕಟ್ಟುವುದೂ ತಪ್ಪು. ಮೊದಲಿಗೆ ಅರ್ಧ ಹೊರೆ, ಆಮೇಲೆ ಮುಕ್ಕಾಲು. ಸುಮಾರು 50 ತಾಸಿಗೆ, ಇಲ್ಲವೆ ಪುಸ್ತಕ ಹೇಳಿದ ಹೊತ್ತಿಗೆ, ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸತಕ್ಕದ್ದು. ಗಾಳಿ ಸೋಸುವ ಡಬ್ಬಿಯಲ್ಲಿ ಎಣ್ಣೆ ಇರುವ ಜಾತಿಯಾದರೆ ರಾಶಿಯ ದಿನಗಳಲ್ಲಿ ದಿನವೂ ಮುಚ್ಚಳ ತೆಗೆದು ನೋಡಿ, ಕೆಸರಾಗಿದ್ದರೆ ಚೆಲ್ಲಿ, ಗುರುತಿನವರೆಗೆ ಹೊಸ ಎಣ್ಣೆ ಹಾಕಿರಿ.

ಇಲ್ಲಿ ಮೇಜಿನ ಮೇಲೆ ಎರಡು ಹಳೆಯ ಲೈನರು, ಒಂದು ರಿಂಗು, ಒಂದು ಫೀಲರ್ ಗೇಜು ಇಟ್ಟಿದ್ದೇನೆ. ಎರಡರಲ್ಲಿ ಒಂದು ಇನ್ನೂ ಬಳಕೆಗೆ ಬರುತ್ತದೆ, ಒಂದು ಬರುವುದಿಲ್ಲ. ಯಾವುದು ಯಾವುದೆಂದು ನಾನು ಹೇಳುವುದಿಲ್ಲ. ಒಬ್ಬೊಬ್ಬರಾಗಿ ಮುಂದೆ ಬಂದು ರಿಂಗು ಇಟ್ಟು ಅಳೆದು ತಾವೇ ಹೇಳಬೇಕು.